ಡಿಟಿಪಿ ಅಂಗಡಿಯ ಸ್ಕ್ರಿಪ್ಟ್‌ಗೆ ಬಣ್ಣ ಹಚ್ಚುವುದು ಹೀಗೆ

ಚಿಕ್ಕಜಾಜೂರಿನ ಡಿಟಿಪಿ ಅಂಗಡಿಗೆ ಪಹಣಿ ತಿದ್ದುಪಡಿಯ ಅರ್ಜಿಯೇ ಬರಲಿ, ಪಿಂಚಣಿಯದೇ ಬರಲಿ, ‘ಚಿಕ್ಕಜಾಜೂರು, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ’ ಎಂಬ ಸಾಲನ್ನು ಟೈಪ್ ಮಾಡಲೇಬೇಕು. ಆಟೋಹಾಟ್‌ಕೀ ಎಂಬ ಉಚಿತ ಸ್ಕ್ರಿಪ್ಟ್ ಭಾಷೆಯಲ್ಲಿ ಒಂದೇ ಒಂದು ಸಾಲು ಬರೆದಿಟ್ಟರೆ, ಇಂಗ್ಲಿಷಿನ ಎರಡಕ್ಷರ ಒತ್ತಿ ಸ್ಪೇಸ್ ಹೊಡೆದೊಡನೆ ಇಡೀ ವಿಳಾಸ ಯೂನಿಕೋಡ್‌ನಲ್ಲಿ ಮೂಡುತ್ತದೆ. ದಿನವಿಡೀ ಕೀಲಿಮಣೆ ಒತ್ತುವವರ ಬೆರಳಿಗೆ ಇದು ದೊಡ್ಡ ಬಿಡುವು.

ಸ್ಕ್ರಿಪ್ಟ್ ಬೆಳೆದಂತೆ ತಪ್ಪು ಹುಡುಕುವುದು ಕಷ್ಟ, ಪದಗಳಿಗೆ ಬೇರೆ ಬೇರೆ ಬಣ್ಣವಿದ್ದರೆ ಸುಲಭ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪಠ್ಯ ಸಂಪಾದಕ ಹತ್ತಾರು ಪ್ರೋಗ್ರಾಮಿಂಗ್ ಭಾಷೆಗಳಿಗೆ ತಾನೇ ಬಣ್ಣ ಹಚ್ಚುತ್ತದೆ. ಆದರೆ ಆಟೋಹಾಟ್‌ಕೀ ಆ ಪಟ್ಟಿಯಲ್ಲಿಲ್ಲ, ನಾವೇ ಸೇರಿಸಬೇಕು.

ಲಾಂಗ್ವೇಜ್ ಮೆನುವಿನಲ್ಲಿ ‘ಯೂಸರ್ ಡಿಫೈನ್ಡ್ ಲಾಂಗ್ವೇಜ್’, ಅದರೊಳಗೆ ‘ಡಿಫೈನ್ ಯುವರ್ ಲಾಂಗ್ವೇಜ್’ ತೆರೆಯಿರಿ. ‘ಕ್ರಿಯೇಟ್ ನ್ಯೂ’ ಒತ್ತಿ ಹೆಸರು ಕೊಡಿ. ‘ಎಕ್ಸ್‌ಟೆನ್ಷನ್’ ಚೌಕದಲ್ಲಿ ಎ, ಎಚ್, ಕೆ ಎಂಬ ಮೂರಕ್ಷರ ಸಾಕು, ಮುಂದೆ ಚುಕ್ಕೆ ಬೇಡ. ಈ ಭಾಷೆಗೆ ದೊಡ್ಡಕ್ಷರ, ಚಿಕ್ಕಕ್ಷರದ ಭೇದವಿಲ್ಲ, ಹಾಗಾಗಿ ‘ಇಗ್ನೋರ್ ಕೇಸ್’ಗೆ ಟಿಕ್ ಹಾಕಿ.

‘ಕೀವರ್ಡ್ಸ್ ಲಿಸ್ಟ್ಸ್’ನಲ್ಲಿ ಎಂಟು ಗುಂಪುಗಳಿವೆ. ಎರಡು ಸಾಕು. ಮೊದಲನೆಯದಕ್ಕೆ ಇಫ್, ಎಲ್ಸ್, ಲೂಪ್, ರಿಟರ್ನ್. ಎರಡನೆಯದಕ್ಕೆ ಸೆಂಡ್, ರನ್, ಮೆಸೇಜ್‌ಬಾಕ್ಸ್‌ನಂಥ ಆಜ್ಞೆಗಳು. ಇವನ್ನು ಸ್ಕ್ರಿಪ್ಟ್‌ನಲ್ಲಿ ಇರುವಂತೆಯೇ ಇಂಗ್ಲಿಷಿನಲ್ಲಿ, ನಡುವೆ ಸ್ಪೇಸ್ ಬಿಟ್ಟು ತುಂಬಿ. ಪ್ರತಿ ಗುಂಪಿನ ಪಕ್ಕದ ‘ಸ್ಟೈಲರ್’ ಒತ್ತಿ ಬಣ್ಣ ಆರಿಸಿ.

ಮುಂದಿನ ಪುಟದಲ್ಲಿ ಟಿಪ್ಪಣಿಗೆ (ಕಾಮೆಂಟ್) ಅರ್ಧವಿರಾಮ (;) ಕೊಡುವಾಗ ‘ಅಲೋ ಪ್ರಿಸೀಡಿಂಗ್ ವೈಟ್‌ಸ್ಪೇಸ್’ ಆರಿಸಿ. ‘ಅಲೋ ಎನಿವೇರ್’ ಆರಿಸಿದರೆ ವಿಳಾಸದ ನಡುವೆ ಬಂದ ಅರ್ಧವಿರಾಮದಿಂದಾಚೆಗೆ ಎಲ್ಲವೂ ಟಿಪ್ಪಣಿಯ ಬಣ್ಣಕ್ಕೆ ತಿರುಗುತ್ತದೆ. ಸಾಲಿನ ಕೊನೆಯ ಟಿಪ್ಪಣಿಗಳಿಗೆ ಬಣ್ಣ ಬಾರದಿದ್ದರೂ ಪರವಾಗಿಲ್ಲ, ನನಗೆ ಇದೇ ಮೇಲು.

‘ಆಪರೇಟರ್ಸ್’ ಪುಟದ ಮೊದಲ ಚೌಕಕ್ಕೆ :: ಮತ್ತು := ಹಾಕಿ. ನಿಜವಾದ ಉಪಯೋಗ ಇರುವುದು ಅದೇ ಪುಟದ ‘ಡಿಲಿಮಿಟರ್’ನಲ್ಲಿ. ‘ಓಪನ್’, ‘ಕ್ಲೋಸ್’ ಎರಡಕ್ಕೂ ಜೋಡಿ ಉದ್ಧರಣ ಚಿಹ್ನೆ (") ಕೊಡಿ, ‘ಎಸ್ಕೇಪ್’ಗೆ ಕೀಲಿಮಣೆಯ ಎಡ ಮೇಲ್ತುದಿಯ ಬ್ಯಾಕ್‌ಟಿಕ್ (`). ಎಲ್ಲೋ ಒಂದು ಉದ್ಧರಣ ಚಿಹ್ನೆ ಮುಚ್ಚದೆ ಉಳಿದರೆ ಅದರ ಬಣ್ಣ ಕೆಳಗಿನ ಸಾಲುಗಳಿಗೂ ಹರಡುತ್ತದೆ. ಬಣ್ಣ ಶುರುವಾದ ಜಾಗಕ್ಕೆ ಹೋಗಿ ನೋಡಿ, ತಪ್ಪು ಅಲ್ಲೇ ಸಿಗುತ್ತದೆ.

ಕನ್ನಡ ಬರೆಯುವವರಿಗೆ ಇನ್ನೊಂದು ಮಾತು. ಆಟೋಹಾಟ್‌ಕೀಯ ಹಳೆಯ 1.1 ಆವೃತ್ತಿಯಾದರೆ, ಫೈಲನ್ನು ‘ಎನ್‌ಕೋಡಿಂಗ್’ ಮೆನುವಿನ ‘ಯುಟಿಎಫ್-8-ಬಿಒಎಂ’ಗೆ ಬದಲಿಸಿ ಉಳಿಸಿ. ಇಲ್ಲವಾದರೆ ‘ಹೊಳಲ್ಕೆರೆ’ ಬರಬೇಕಾದಲ್ಲಿ ಗೊಂದಲದ ಚಿಹ್ನೆಗಳು ಬರುತ್ತವೆ. 2022ರ ಡಿಸೆಂಬರ್‌ನಲ್ಲಿ ಬಂದ 2.0ಕ್ಕೆ ಸಾಮಾನ್ಯ ಯುಟಿಎಫ್-8 ಸಾಕು.

ಎಲ್ಲ ಮುಗಿದ ಮೇಲೆ ‘ಎಕ್ಸ್‌ಪೋರ್ಟ್’ ಒತ್ತಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ‘ಇಂಪೋರ್ಟ್’ ಮಾಡಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮುಚ್ಚಿ ತೆರೆದರೆ ಅಲ್ಲೂ ಅದೇ ಬಣ್ಣಗಳು ಸಿಗುತ್ತವೆ.