ಸಿಪಿಯು ಶೇ 100: ದುಡಿಮೆಯೋ, ಬರೀ ಕಾಯುವಿಕೆಯೋ?

ಪ್ರೋಗ್ರಾಂ ತೆವಳುತ್ತಿದೆ, ಲಿನಕ್ಸ್‌ನ 'ಟಾಪ್' ತೆರೆದು ನೋಡಿದರೆ ಸಿಪಿಯು ಬಳಕೆ ಶೇ 100. ಹಾಗೆಂದು ಪ್ರೊಸೆಸರ್ ಬೆವರು ಸುರಿಸಿ ದುಡಿಯುತ್ತಿದೆ ಎಂದುಕೊಳ್ಳಬೇಡಿ. ತರಕಾರಿ ಬರಲೆಂದು ಒಲೆ ಮುಂದೆ ಕೈಕಟ್ಟಿ ನಿಂತ ಅಡುಗೆಭಟ್ಟರಿಗೂ ಆ ದಿನದ ಹಾಜರಿ ಪೂರ್ತಿ ಸಿಗುತ್ತದಲ್ಲ! ಮೆಮೊರಿಯಿಂದ ಡೇಟಾ ಬರಲಿ ಎಂದು ಕಾದ ಹೊತ್ತನ್ನೂ ಆಪರೇಟಿಂಗ್ ಸಿಸ್ಟಂ ಕೆಲಸದ ಲೆಕ್ಕಕ್ಕೇ ಸೇರಿಸುತ್ತದೆ. ಒಳಗಿನ ನಿಜ ಸ್ಥಿತಿ ಗೊತ್ತಾಗಬೇಕಾದರೆ ಪ್ರೊಸೆಸರ್‌ನಲ್ಲೇ ಇರುವ ಹಾರ್ಡ್‌ವೇರ್ ಕೌಂಟರ್‌ಗಳನ್ನು ಕೇಳಬೇಕು. ಎಷ್ಟು ಸೈಕಲ್ ಕಳೆಯಿತು, ಎಷ್ಟು ಇನ್‌ಸ್ಟ್ರಕ್ಷನ್ ಮುಗಿಯಿತು, ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಎಷ್ಟು ಸಲ ಡೇಟಾ ಸಿಗಲಿಲ್ಲ ಎಂಬುದನ್ನೆಲ್ಲ ಅವು ಎಣಿಸುತ್ತವೆ. 1993ರ ಪೆಂಟಿಯಮ್‌ನಲ್ಲೇ ಇವು ಇದ್ದವು. ಲಿನಕ್ಸ್‌ನಲ್ಲಿ ಇವನ್ನು ಓದುವ ಸಾಧನ 'ಪರ್ಫ್'. 2009ರಿಂದ ಕರ್ನೆಲ್ ಜೊತೆಗೇ ಬೆಳೆದಿದೆ.

ಉಬುಂಟುವಿನಲ್ಲಿ 'ಲಿನಕ್ಸ್ ಟೂಲ್ಸ್' ಪ್ಯಾಕೇಜ್ ಹಾಕಿಕೊಂಡರೆ ಪರ್ಫ್ ಸಿಗುತ್ತದೆ. ಅದು ಕರ್ನೆಲ್ ಆವೃತ್ತಿಗೆ ಹೊಂದಬೇಕು ಎಂಬುದು ನೆನಪಿರಲಿ. ಕೌಂಟರ್‌ಗಳಿಂದ ಇತರರ ಗುಟ್ಟು ಊಹಿಸಲು ಸಾಧ್ಯವಿರುವುದರಿಂದ ಸಾಮಾನ್ಯ ಬಳಕೆದಾರರಿಗೆ ಉಬುಂಟು ಬಾಗಿಲು ಮುಚ್ಚಿರುತ್ತದೆ. 'ಪರ್ಫ್ ಇವೆಂಟ್ ಪ್ಯಾರನಾಯ್ಡ್' ಎಂಬ ಕರ್ನೆಲ್ ಸೆಟ್ಟಿಂಗ್‌ನ ಬೆಲೆಯನ್ನು ಸುಡೋ ಬಳಸಿ 2ಕ್ಕೆ ಇಳಿಸಿದರೆ ನಿಮ್ಮದೇ ಪ್ರೋಗ್ರಾಂಗಳನ್ನು ಅಳೆಯಬಹುದು. ಕಂಪ್ಯೂಟರ್ ಮತ್ತೆ ಆರಂಭವಾದಾಗ ಹಳೆಯ ಬೆಲೆಯೇ ಮರಳುತ್ತದೆ.

ಮೊದಲ ಪ್ರಯೋಗಕ್ಕೆ ಸಿ ಭಾಷೆಯಲ್ಲಿ ಹತ್ತು ಸಾವಿರ ಅಡ್ಡಸಾಲು, ಹತ್ತು ಸಾವಿರ ಕಂಬಸಾಲಿನ ಪೂರ್ಣಾಂಕಗಳ ಅರೇ ಮಾಡಿ. ಸುಮಾರು 400 ಎಂಬಿ ಆಗುತ್ತದೆ, ಕ್ಯಾಶ್‌ನಲ್ಲಿ ಹಿಡಿಸುವ ಮಾತೇ ಇಲ್ಲ. ಎಲ್ಲ ಮನೆಗಳಿಗೂ ಬೆಲೆ ತುಂಬಿ, ಒಮ್ಮೆ ಅಡ್ಡಸಾಲಿನಂತೆ, ಇನ್ನೊಂದು ಪ್ರೋಗ್ರಾಂನಲ್ಲಿ ಕಂಬಸಾಲಿನಂತೆ ಕೂಡಿ. ಮೊತ್ತವನ್ನು ಪ್ರಿಂಟ್ ಮಾಡಿಸಿ. ಇಲ್ಲದಿದ್ದರೆ ಕಂಪೈಲರ್ ಆ ಲೂಪನ್ನೇ ಕಿತ್ತೆಸೆದೀತು. ಜಿಸಿಸಿ ಕಂಪೈಲರ್‌ಗೆ ಆಪ್ಟಿಮೈಸೇಶನ್ ಮಟ್ಟ 2 ಸಾಕು. 3 ಕೊಟ್ಟರೆ ಅದು ತಾನೇ ಲೂಪ್‌ಗಳನ್ನು ಅದಲುಬದಲು ಮಾಡಿ ಪ್ರಯೋಗವನ್ನೇ ಕೆಡಿಸುವ ಸಾಧ್ಯತೆಯಿದೆ.

ಈಗ 'ಪರ್ಫ್ ಸ್ಟ್ಯಾಟ್' ಎಂದು ಬರೆದು, ಮುಂದೆ ಪ್ರೋಗ್ರಾಂ ಹೆಸರು ಕೊಟ್ಟು ಎರಡನ್ನೂ ಓಡಿಸಿ. ಐದು ಸಲ ಓಡಿಸಿ ಸರಾಸರಿ ಕೊಡು ಎನ್ನಲು ನಡುವೆ 'ಮೈನಸ್ ಆರ್ 5' ಸೇರಿಸಿ. ಮುಗಿದ ಇನ್‌ಸ್ಟ್ರಕ್ಷನ್‌ಗಳಿಗೆ ಹೋಲಿಸಿದರೆ ಕಂಬಸಾಲಿನ ಪ್ರೋಗ್ರಾಂನಲ್ಲಿ ಸೈಕಲ್‌ಗಳು ಏರಿರುತ್ತವೆ. ಅಂದರೆ ಪ್ರತಿ ಸೈಕಲ್‌ಗೆ ಮುಗಿದ ಇನ್‌ಸ್ಟ್ರಕ್ಷನ್, ಬಳಕೆಯಲ್ಲಿ ಐಪಿಸಿ, ಕುಸಿದಿದೆ. ಕಾರಣ ಸರಳ: ಮೆಮೊರಿಯಿಂದ ಡೇಟಾ ಬರುವುದು ಸಾಮಾನ್ಯವಾಗಿ 64 ಬೈಟ್‌ಗಳ ಕಟ್ಟಾಗಿ. ಅಡ್ಡಸಾಲಿನಲ್ಲಿ ಹೋದರೆ ಕಟ್ಟಿನ ಹದಿನಾರು ಅಂಕಿಯೂ ಬಳಕೆಯಾಗುತ್ತವೆ. ಕಂಬಸಾಲಿನಲ್ಲಿ ಒಂದನ್ನು ತೆಗೆದುಕೊಂಡು ಮುಂದಿನ ಕಟ್ಟಿಗೆ ಓಡಬೇಕು.

ಇಂದಿನ ಕೋರ್‌ಗಳು ಒಂದೇ ಸೈಕಲ್‌ನಲ್ಲಿ ನಾಲ್ಕು ಅಥವಾ ಹೆಚ್ಚು ಇನ್‌ಸ್ಟ್ರಕ್ಷನ್ ಮುಗಿಸಬಲ್ಲವು. ಐಪಿಸಿ ಒಂದಕ್ಕಿಂತ ಕೆಳಗಿದ್ದರೆ ಮೆಮೊರಿಯನ್ನು ಅನುಮಾನಿಸಿ. ಆದರೆ ಐಪಿಸಿ ಏರಿತೆಂದು ಹಿಗ್ಗಬೇಡಿ. ಲಾಕ್‌ಗಾಗಿ ಸುಮ್ಮನೆ ಸುತ್ತುವ ಲೂಪ್‌ಗೂ ಒಳ್ಳೆಯ ಐಪಿಸಿ ಬಂದೀತು. ವೆಕ್ಟರ್ ಇನ್‌ಸ್ಟ್ರಕ್ಷನ್ ಬಳಸಿದಾಗ ಐಪಿಸಿ ಇಳಿದರೂ ಕೆಲಸ ಬೇಗ ಮುಗಿಯಬಹುದು. ಕೊನೆಯ ತೀರ್ಪು ಗಡಿಯಾರದ್ದೇ.

ಪರ್ಫ್ ಸ್ಟ್ಯಾಟ್ ಫಲಿತಾಂಶದ ಬಲತುದಿಯಲ್ಲಿ ಆವರಣದೊಳಗೆ 'ಪ್ಲಸ್ ಮೈನಸ್' ಗುರುತಿಲ್ಲದ ಶೇಕಡಾವಾರು ಕಂಡರೆ ಎಚ್ಚರ. ಎಣಿಸಲು ನೀವು ಕೇಳಿದ ಘಟನೆಗಳು (ಸೈಕಲ್, ಇನ್‌ಸ್ಟ್ರಕ್ಷನ್‌ನಂಥವು) ಇರುವ ಕೌಂಟರ್‌ಗಳಿಗಿಂತ ಹೆಚ್ಚಾಗಿವೆ, ಪರ್ಫ್ ಸರದಿಯಲ್ಲಿ ಎಣಿಸಿ ಉಳಿದುದನ್ನು ಅಂದಾಜಿಸಿದೆ ಎಂದರ್ಥ. ಹೈಪರ್‌ಥ್ರೆಡಿಂಗ್ ಇರುವ ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳಲ್ಲಿ ನಮಗೆ ಬೇಕಾದಂತೆ ಹೊಂದಿಸಬಲ್ಲ ಕೌಂಟರ್‌ಗಳು ಥ್ರೆಡ್‌ಗೆ ನಾಲ್ಕೇ. ಒಮ್ಮೆಗೆ ಮೂರು ನಾಲ್ಕು ಘಟನೆ ಕೇಳಿದರೆ ಕ್ಷೇಮ.

ತೊಂದರೆ ಎಲ್ಲಿದೆ ಎಂದು ತಿಳಿಯಲು 'ಪರ್ಫ್ ರೆಕಾರ್ಡ್', ಆಮೇಲೆ 'ಪರ್ಫ್ ರಿಪೋರ್ಟ್'. ಸಾಲು ಸಾಲಾಗಿ ನೋಡಲು 'ಪರ್ಫ್ ಆನೋಟೇಟ್'. ಇದು ತೋರಿಸುವ ಸಾಲು ಕೆಲವೊಮ್ಮೆ ನಿಜವಾದ ಅಪರಾಧಿಯಿಂದ ಒಂದೆರಡು ಇನ್‌ಸ್ಟ್ರಕ್ಷನ್ ಮುಂದಿರುತ್ತದೆ, ಆದ್ದರಿಂದ ಅದರ ಹಿಂದಿನದನ್ನೂ ನೋಡಿ.

ಇಂಟೆಲ್‌ನ 12ನೇ ತಲೆಮಾರಿನಿಂದೀಚೆಗೆ ದೊಡ್ಡ, ಸಣ್ಣ ಕೋರ್‌ಗಳು ಬೆರೆತಿರುವ ಲ್ಯಾಪ್‌ಟಾಪ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಲೆಕ್ಕ ಬರುತ್ತದೆ. 'ಟಾಸ್ಕ್‌ಸೆಟ್' ಬಳಸಿ ಪ್ರೋಗ್ರಾಂ ಅನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ. ಸೈಕಲ್‌ಗಳ ಎದುರೇ 'ನಾಟ್ ಸಪೋರ್ಟೆಡ್' ಎಂದು ಬಂದರೆ ನೀವು ಬಹುಶಃ ವರ್ಚುವಲ್ ಮೆಷಿನ್‌ನಲ್ಲಿದ್ದೀರಿ, ಅಲ್ಲಿಗೆ ಕೌಂಟರ್‌ಗಳನ್ನು ಬಿಟ್ಟುಕೊಟ್ಟಿಲ್ಲ. ಅಂಥಲ್ಲಿ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಸ್ವಂತ ಲ್ಯಾಪ್‌ಟಾಪನ್ನು ಬೂಟ್ ಮಾಡಿ ಅಳೆಯುವುದು ಸುಲಭದ ದಾರಿ.