ಅಗ್ನಿನಿರೋಧಕತೆ: ಕಟ್ಟಡದ ಬಗೆಗಳು ಮತ್ತು ಗಂಟೆಯ ಲೆಕ್ಕ

• ಅಗ್ನಿನಿರೋಧಕತೆಯ ಅಳತೆ ಹೊತ್ತಿನಲ್ಲಿ. ಹೊರೆ ಹೊರುವ ಗೋಡೆಗೆ ‘2 ಗಂಟೆ’ ಎಂದರೆ, ಪರೀಕ್ಷೆಯ ಕುಲುಮೆಯಲ್ಲಿ ಅಷ್ಟು ಹೊತ್ತು ಅದು ಕುಸಿದಿಲ್ಲ, ಬಿರುಕುಬಿಟ್ಟು ಜ್ವಾಲೆಗೆ ದಾರಿ ಕೊಟ್ಟಿಲ್ಲ, ಅದರ ಹಿಂಬದಿಯ ತಾಪಮಾನ ಸರಾಸರಿ 140 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಿಲ್ಲ. ಐಎಸ್‌ಒ 834 ಮಾನದಂಡದಂತೆ ಕುಲುಮೆಯ ತಾಪಮಾನ 30 ನಿಮಿಷಕ್ಕೆ 842, 60 ನಿಮಿಷಕ್ಕೆ 945 ಡಿಗ್ರಿ.

• ಉರಿಯದಿರುವುದು ಬೇರೆ, ಬೆಂಕಿಯನ್ನು ತಾಳುವುದು ಬೇರೆ. ಈ ವಿಷಯದ ತಿರುಳೇ ಇದು. ಇದೊಂದು ಮನಸ್ಸಿಗೆ ಹತ್ತಿದರೆ ಮಿಕ್ಕದ್ದನ್ನು ಬಾಯಿಪಾಠ ಮಾಡಬೇಕಿಲ್ಲ. ಉಕ್ಕು ಉರಿಯುವುದಿಲ್ಲ, ಆದರೆ 600 ಡಿಗ್ರಿ ತಲುಪುವಷ್ಟರಲ್ಲಿ ಅದರ ಬಲ ಅರ್ಧಕ್ಕಿಂತ ಕೆಳಗಿಳಿದು ತೊಲೆ ಬಾಗುತ್ತದೆ. ದಪ್ಪ ಮರದ ತೊಲೆ ಉರಿಯುತ್ತದೆ, ಆದರೆ ನಿಮಿಷಕ್ಕೆ ಸುಮಾರು 0.7 ಮಿ.ಮೀ.ನಂತೆ ಮಾತ್ರ. ಮೇಲೆ ಕಟ್ಟುವ ಇದ್ದಿಲಿನ ಪದರವೇ ಒಳಗಿನ ತಿರುಳನ್ನು ಕಾಯುತ್ತದೆ.

• ಉದಾಹರಣೆ ಬರೆಯಲು: ಮ್ಯಾಡ್ರಿಡ್‌ನ ವಿಂಡ್ಸರ್ ಟವರ್‌ಗೆ ಬಿದ್ದ ಬೆಂಕಿ, ಫೆಬ್ರವರಿ 2005. ಮೇಲಿನ ಮಹಡಿಗಳ ಅಂಚಿನಲ್ಲಿದ್ದ, ಹೊದಿಕೆಯಿಲ್ಲದ ಉಕ್ಕಿನ ಕಂಬಗಳು ಕುಸಿದವು. ನಡುವಿನ ಕಾಂಕ್ರೀಟ್ ಗೋಡೆಗಳು ನಿಂತವು.

• ಉಕ್ಕಿಗೆ ರಕ್ಷಣೆ: ಕಾಂಕ್ರೀಟ್ ಹೊದಿಕೆ, ಜಿಪ್ಸಂ ಹಲಗೆ, ಶಾಖಕ್ಕೆ ಉಬ್ಬುವ ಬಣ್ಣ. ಜಿಪ್ಸಂನ ಒಳಗೆ ನೀರಿನಂಶವಿದೆ. ಅದು ಆವಿಯಾಗುವವರೆಗೂ ಹಿಂದಿನ ಉಕ್ಕು ಹೆಚ್ಚು ಕಾಯದು.

• ಆರ್‌ಸಿಸಿಯಲ್ಲಿ (ಸರಳು ಹಾಕಿದ ಕಾಂಕ್ರೀಟಿನಲ್ಲಿ) ಸರಳುಗಳ ಮೇಲಿನ ಕವರ್, ಅಂದರೆ ಕಾಂಕ್ರೀಟ್ ಪದರ, ತುಕ್ಕು ತಡೆಯಲಷ್ಟೇ ಅಲ್ಲ, ಬೆಂಕಿ ತಾಳಲೂ ಬೇಕು. ಐಎಸ್ 456:2000 ಮಾನದಂಡದಂತೆ ಸರಳವಾಗಿ ಆಧರಿಸಿದ ತೊಲೆಗೆ ಬೇಕಾದ ಕವರ್ 1 ಗಂಟೆಗೆ 20 ಮಿ.ಮೀ., 2 ಗಂಟೆಗೆ 40, 4 ಗಂಟೆಗೆ 70. ಕಂಬಕ್ಕೆ ಎಲ್ಲ ಅವಧಿಗೂ 40 ಮಿ.ಮೀ.

• ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016, ಭಾಗ 4: ನಿರ್ಮಾಣದ ಬಗೆಗಳು 4, ಅವುಗಳಲ್ಲಿ 1ನೆಯದೇ ಅತಿ ಗಟ್ಟಿ. 15 ಮೀಟರ್ ಮತ್ತು ಮೇಲ್ಪಟ್ಟದ್ದು ಬಹುಮಹಡಿ ಕಟ್ಟಡ. ಅಮೆರಿಕದ ಸಂಹಿತೆಯಲ್ಲಿ ಬಗೆಗಳು 5. 4ನೆಯದು ದಪ್ಪ ಮರದ ಕಟ್ಟಡ. ಎರಡನ್ನೂ ಬೆರೆಸಿ ಬರೆಯಬೇಡಿ.

• ಗೋಡೆ ಎಷ್ಟೇ ಗಂಟೆ ತಾಳಿದರೂ ಅದರೊಳಗಿನ ರಂಧ್ರ ತಾಳದು. 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದಾಗ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡ ಕುಸಿಯಲಿಲ್ಲ. ಆದರೆ ಇಂಥ ತೆರಪುಗಳ ಮೂಲಕ ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿತು. 9 ಮಂದಿ ಪ್ರಾಣ ಕಳೆದುಕೊಂಡರು. ಆದ್ದರಿಂದ ಕೇಬಲ್, ಪೈಪು ಹಾಯುವ ಪ್ರತಿ ತೂತನ್ನೂ ಆ ಗೋಡೆ, ಆ ಚಪ್ಪಡಿ ತಾಳುವಷ್ಟೇ ಹೊತ್ತು ತಾಳುವ ವಸ್ತುವಿನಿಂದ ಮುಚ್ಚಬೇಕು.