ಅನರ್ಥದಂಡ ವಿರತಿ ಮತ್ತು ಲೋಕಶಾಂತಿ



ಶ್ರಾವಕರ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳು ಸರ್ವರಿಗೂ ಪರಿಚಿತವಾಗಿವೆ. ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿಯ ಕಡೆಗೆ ಮಾತ್ರ ಲಕ್ಷ್ಯ ಕಡಿಮೆ. ಪ್ರಯೋಜನವಿಲ್ಲದೆ ಮನ, ವಚನ, ಕಾಯಗಳಿಂದ ಮಾಡುವ ಪಾಪಕ್ರಿಯೆಯೇ ಅನರ್ಥದಂಡ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಭೇದಗಳನ್ನು ನಿರೂಪಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ.

ಯುದ್ಧ ನಡೆದ ಮೇಲೆ ಶೋಕಿಸುವುದಕ್ಕಿಂತ ಅದು ಹುಟ್ಟುವ ಮೊದಲೇ ತಡೆಯುವ ಬಗೆ ಯಾವುದು? ಇದನ್ನೇ ಅಭ್ಯಸಿಸಲು 1959ರಲ್ಲಿ ನಾರ್ವೆಯ ಓಸ್ಲೋದಲ್ಲಿ ಯೋಹಾನ್ ಗಾಲ್ಟುಂಗ್ ಅವರು ಶಾಂತಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1966ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅಂತಹುದೇ ಇನ್ನೊಂದು ಸಂಸ್ಥೆ ಆರಂಭವಾಯಿತು. ಯಾವ ದೇಶವು ಯಾವ ದೇಶಕ್ಕೆ ಎಷ್ಟು ಶಸ್ತ್ರ ಕೊಡುತ್ತದೆಂಬ ಲೆಕ್ಕವನ್ನು ಅದು ಇಡುತ್ತದೆ. ಈ ವಿದ್ವಾಂಸರು ಹುಡುಕುವ ಕಾರಣಗಳು ಆಚಾರ್ಯರ ಐದು ಭೇದಗಳಿಗೆ ಬಹಳ ಸಮೀಪವಾಗಿವೆ.

ಖಡ್ಗ, ಕೊಡಲಿ, ಬೆಂಕಿ ಮುಂತಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ತಾನು ಹೊಡೆಯಲಿಲ್ಲವೆಂದು ಕೊಟ್ಟವನು ಪಾಪದಿಂದ ಪಾರಾಗಲಾರನು. 2013ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಶಸ್ತ್ರ ವ್ಯಾಪಾರ ಒಪ್ಪಂದದ ತಿರುಳೂ ಇದೇ: ನರಮೇಧಕ್ಕೆ ಬಳಕೆಯಾಗುವುದೆಂದು ತಿಳಿದಿದ್ದರೆ ಶಸ್ತ್ರ ಕೊಡಬಾರದು. ವಂಚನೆಗೆ, ಹಿಂಸೆಗೆ ದಾರಿ ತೋರುವ ಮಾತು ಪಾಪೋಪದೇಶ. ಪೇಟೆಯಲ್ಲಿ ಕುಳಿತು ತೂಕದ ಮೋಸವನ್ನು ಕಲಿಸುವವನು ರೈತ-ವ್ಯಾಪಾರಿಗಳ ನಡುವೆ ವೈರವನ್ನೇ ಬಿತ್ತುತ್ತಾನೆ.

ಪರರಿಗೆ ಕೇಡು ಬಯಸುವುದು ಅಪಧ್ಯಾನ; ರಾಗದ್ವೇಷಗಳನ್ನು ಕೆರಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ಇವುಗಳ ಫಲವನ್ನು ಈ ಗಡಿಭಾಗವು ಕಣ್ಣಾರೆ ಕಂಡಿದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಸೇರುವ ಮೊದಲು ರಜಾಕಾರರಿಂದ ಹಿಂದೂಗಳೂ, ತರುವಾಯ ಸೇಡಿನ ಕಿಚ್ಚಿನಲ್ಲಿ ಮುಸಲ್ಮಾನರೂ ಅಪಾರ ದುಃಖ ಅನುಭವಿಸಿದರು. ಪಂಡಿತ ಸುಂದರಲಾಲರ ಸಮಿತಿಯು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿ ಅತ್ಯಧಿಕವೆಂದು ಹೇಳಿತು. ಉದಗೀರ, ನಿಲಂಗಾ ತಾಲೂಕುಗಳು ಆಗ ಬೀದರ ಜಿಲ್ಲೆಯಲ್ಲಿದ್ದವು. ಆದರೆ ಪ್ರಾಣದ ಹಂಗು ತೊರೆದು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳನ್ನೂ ಅದೇ ಸಮಿತಿ ಕಂಡಿತು. ಸುತ್ತಲೂ ದ್ವೇಷದ ಮಾತು ಹಬ್ಬಿದ್ದಾಗಲೂ ಅದಕ್ಕೆ ಕಿವಿಗೊಡದವರು ಅವರು.

ನೀರು, ಮಣ್ಣು, ಮರಗಳನ್ನು ಅಜಾಗರೂಕತೆಯಿಂದ ಹಾಳುಮಾಡುವುದು ಪ್ರಮಾದಚರ್ಯೆ. ಇದು ಚಿಕ್ಕ ದೋಷವೆಂದು ತೋರಬಹುದು. 2016ರ ಬರಗಾಲದಲ್ಲಿ ಲಾತೂರಿನಲ್ಲಿ ನೀರಿಗಾಗಿ ಹೊಡೆದಾಟವಾಗದಿರಲೆಂದು ನೀರು ತುಂಬುವ ಸ್ಥಳಗಳಲ್ಲಿ 144ನೇ ಕಲಮಿನ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಮಿರಜದಿಂದ ರೈಲಿನಲ್ಲಿ ನೀರು ಬಂದಿತು. ಆಜ್ಞೆಯು ಕೈಯನ್ನು ತಡೆಯಿತು. ನೀರು ಬಂದು ಬಾಯಾರಿಕೆಯನ್ನು ತಣಿಸಿತು. ಜಗಳ ನಿಂತ ಮಾತ್ರಕ್ಕೆ ಶಾಂತಿಯಾಗದು, ಜಗಳದ ಕಾರಣವೂ ನೀಗಬೇಕೆಂದು ಗಾಲ್ಟುಂಗ್ ಅವರು ಪ್ರತಿಪಾದಿಸಿದ್ದೂ ಇದನ್ನೇ.

ಆದಿನಾಥ ಸ್ವಾಮಿಯ ಪುತ್ರರಾದ ಭರತ-ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತಾಗ, ನಿರಪರಾಧಿ ಸೈನಿಕರು ಮಡಿಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಸಕಾಲದಲ್ಲಿ ಆಡಿದ ಹಿತವಚನವು ಎರಡು ಸೈನ್ಯಗಳನ್ನು ಉಳಿಸಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಮುಂತಾದ ಗ್ರಾಮಗಳನ್ನು ಭೂಕಂಪವು ನೆಲಸಮ ಮಾಡಿತು. ಆ ಪ್ರದೇಶದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯು ಪುಣೆಗೆ ಕರೆದೊಯ್ದು ವಿದ್ಯೆ ಕೊಡಿಸಿತು. ಭೂಕಂಪವನ್ನು ತಡೆಯಲು ಮನುಷ್ಯನಿಗೆ ಶಕ್ತಿಯಿಲ್ಲ. ಕಲಹವನ್ನು ತಡೆಯಲು ಇದೆ.

ಮನೆಯ ಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿಯಿರಲಿ, ಮಾರವಾಡಿಯಿರಲಿ, ಕ್ಷಮಾವಾಣಿಯ ದಿನ ಎಲ್ಲರೂ ಕೈ ಮುಗಿದು ಕ್ಷಮೆ ಬೇಡುತ್ತಾರೆ. ಆ ಕ್ಷಮೆಯು ಸ್ನೇಹಿತರಿಗೆ ಮಾತ್ರ ಸೀಮಿತವಾಗದೆ, ಮಾತು ಬಿಟ್ಟ ಬಂಧುವಿನ, ಕೋರ್ಟಿಗೆ ಹೋದ ಪಾಲುದಾರನ, ಅನ್ಯಮತೀಯ ನೆರೆಯವನ ಬಾಗಿಲಿಗೂ ಹೋಗಲಿ. ಪ್ರತಿಯೊಬ್ಬರೂ ಈ ವರ್ಷ ಅನರ್ಥದಂಡದ ಐದು ಭೇದಗಳಲ್ಲಿ ಒಂದನ್ನಾದರೂ ತ್ಯಜಿಸುವ ನಿಯಮ ಸ್ವೀಕರಿಸಲಿ. ಸರ್ವ ಜೀವಿಗಳಿಗೂ ಮಂಗಲವಾಗಲಿ.